ಮುತ್ತಜ್ಜನ ಅಪ್ಪ ಯಾರು? ಸರ್ವೆ ನಂಬರು ಹಿಡಿದು ಹುಡುಕಿ

ಧಾರವಾಡ, ಬೆಳಗಾವಿ ಸೀಮೆಯ ಒಕ್ಕಲು ಮನೆತನಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ರೂಢಿ. ಹಾಗಾಗಿ ಬಸಪ್ಪ ಬಿನ್ ಯಲ್ಲಪ್ಪ (ಯಲ್ಲಪ್ಪನ ಮಗ ಬಸಪ್ಪ), ಯಲ್ಲಪ್ಪ ಬಿನ್ ಬಸಪ್ಪ ಎಂದು ಎರಡೇ ಹೆಸರು ನೂರಾರು ವರ್ಷ ಅದಲು ಬದಲಾಗುತ್ತ ಬರುತ್ತವೆ. ಬ್ರಿಟಿಷರ ಕಾಲದ ಹಿರಿಯರನ್ನು ಹೆಸರು ಹಿಡಿದು ಹುಡುಕಲು ಹೊರಟವರು ಎರಡನೇ ತಲೆಮಾರಿಗೇ ದಾರಿ ತಪ್ಪುವುದು ಇದರಿಂದಲೇ. ಹಿಡಿಯಬೇಕಾದದ್ದು ಹೊಲದ ಸರ್ವೆ ನಂಬರನ್ನು. ಹೊಲ ಇದ್ದಲ್ಲೇ ಇರುತ್ತದೆ. ಅದರ ಮೇಲಿನ ಹೆಸರು ಯಾವಾಗ, ಯಾಕೆ ಬದಲಾಯಿತು ಎಂಬುದು ಕಾಗದದಲ್ಲಿರುತ್ತದೆ.

ಈ ಲೇಖನ ಮುಂಬಯಿ ಪ್ರಾಂತ್ಯದಲ್ಲಿದ್ದ ಊರುಗಳಿಗೆ ಮಾತ್ರ. ಹಳೇ ಮೈಸೂರು, ಮದ್ರಾಸಿಗೆ ಸೇರಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡ, ನಿಜಾಮರ ಕಲಬುರಗಿ ಕಡೆಯ ದಾಖಲೆಗಳ ಬಗೆಯೇ ಬೇರೆ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಂತೂ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿದ್ದುದರಿಂದ ಹುಡುಕಾಟದ ದಿಕ್ಕೇ ತಿರುಗುತ್ತದೆ.

ಮೊದಲು ಮನೆಯಲ್ಲಿರುವ ಇಂದಿನ ಉತಾರ (ಪಹಣಿ) ತೆಗೆದುಕೊಳ್ಳಿ. ಸರ್ವೆ ನಂಬರು, ಹಿಸ್ಸಾ (ಪಾಲಿನ ನಂಬರು), ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರು, ಈ ಮೂರನ್ನೂ ಬರೆದಿಟ್ಟುಕೊಳ್ಳಿ. 45/2 ಅ ಎಂದಿದ್ದರೆ ಅಜ್ಜನ ಕಾಲಕ್ಕೆ ಅದು ಬರೀ 45 ಆಗಿದ್ದಿರಬಹುದು. ಪಾಲಾದಾಗ ಒಡೆದ ನಂಬರು ಅದು. ಮರುಸರ್ವೆಯಲ್ಲಿ ನಂಬರೇ ಬದಲಾಗಿದ್ದರೆ ಭೂದಾಖಲೆ ಕಚೇರಿಯ ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಹಳೆಯ ಟಿಪ್ಪಣಿ (ಹೊಲ ಅಳೆದ ಬರಹ) ನೋಡದೆ ಮುಂದೆ ಹೋಗಬೇಡಿ. ತಪ್ಪು ಹೊಲ ಹಿಡಿದರೆ ಪರರ ಮನೆತನವನ್ನು ನಿಮ್ಮದೆಂದು ಬರೆದುಕೊಂಡು ಬರುತ್ತೀರಿ.

ಆಮೇಲೆ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಆ ಊರಿನ ಕೈಬರಹದ ಮ್ಯುಟೇಶನ್ ರಿಜಿಸ್ಟರಿನ ದೃಢೀಕೃತ ನಕಲು ಕೇಳಿ. ಊರ ಜನ ಇದನ್ನೇ ಡೈರಿ ಎನ್ನುತ್ತಾರೆ. 1903ರಲ್ಲಿ ಮುಂಬಯಿ ಸರ್ಕಾರ ಹಕ್ಕು ದಾಖಲೆಯ ಕಾಯ್ದೆ ತಂದ ಮೇಲೆ ಈ ಪುಸ್ತಕಗಳು ಹುಟ್ಟಿಕೊಂಡವು. ವಂಶಾವಳಿಗೆ ಇದಕ್ಕಿಂತ ಒಳ್ಳೆಯ ಆಧಾರ ಇನ್ನೊಂದಿಲ್ಲ.

ಮಾದರಿಗೆ ಒಂದು ನೋಂದನ್ನು ಹೀಗೆ ಕಲ್ಪಿಸಿಕೊಳ್ಳಿ: ‘ಯಲ್ಲಪ್ಪ ಬಿನ್ ಬಸಪ್ಪ ಮಯತ. ವಾರಸದಾರರು ಮಕ್ಕಳು ಬಸಪ್ಪ ವಯಸ್ಸು 24, ಅಜ್ಞಾನ ಕಲ್ಲಪ್ಪ ವಯಸ್ಸು 9, ಅ.ಪಾ.ಕ. ತಾಯಿ ನೀಲವ್ವ.’ ತಾರೀಖು 1921. ಎರಡೇ ಸಾಲು, ಆದರೆ ಮೂರು ತಲೆಮಾರು ಸಿಕ್ಕಿತು. ಮಯತ ಎಂದರೆ ತೀರಿಕೊಂಡವನು, ಅಜ್ಞಾನ ಎಂದರೆ ಅಪ್ರಾಪ್ತ, ಅ.ಪಾ.ಕ. ಎಂದರೆ ಅವನ ಪಾಲನಕರ್ತ. ಕಲ್ಲಪ್ಪ ಹುಟ್ಟಿದ್ದು ಸುಮಾರು 1912 ಎಂದು ಲೆಕ್ಕ ಹಾಕಬಹುದು. ಆದರೆ 1921 ಯಲ್ಲಪ್ಪ ಸತ್ತ ವರ್ಷ ಎಂದು ಬರೆದುಕೊಳ್ಳಬೇಡಿ. ಅದು ನೋಂದಾದ ವರ್ಷ. ಸಾವಿಗೂ ನೋಂದಿಗೂ ನಡುವೆ ಹಲವು ವರ್ಷ ಕಳೆದಿರಬಹುದು. ನೀಲವ್ವನ ಹೆಸರು ಬಂದದ್ದು ಮಗ ಚಿಕ್ಕವನಾಗಿದ್ದಕ್ಕೆ. ಇಬ್ಬರೂ ದೊಡ್ಡವರಾಗಿದ್ದರೆ ಆ ತಾಯಿಯ ಹೆಸರು ಈ ಪುಟದಲ್ಲಿ ಇರುತ್ತಲೇ ಇರಲಿಲ್ಲ. ಹೆಣ್ಣುಮಕ್ಕಳ ಹೆಸರೂ ಅಷ್ಟೇ. ಗಂಡುಮಕ್ಕಳಿದ್ದ ಮನೆಯಲ್ಲಿ ಅವರನ್ನು ಬರೆಯುತ್ತಿರಲಿಲ್ಲ. ಆದ್ದರಿಂದ ಡೈರಿಯಲ್ಲಿ ಇಬ್ಬರು ಮಕ್ಕಳು ಕಂಡರೆ ಇದ್ದವರೇ ಇಬ್ಬರು ಎಂದು ತೀರ್ಮಾನಿಸಬಾರದು.

ಹೆಚ್ಚಿನ ತಪ್ಪುಗಳು ಎರಡು ಕಡೆ ಆಗುತ್ತವೆ. ಒಂದು, ಏಕತ್ರ ಕುಟುಂಬದ ಹೊಲಕ್ಕೆ ಹಿರಿಯಣ್ಣನ ಹೆಸರು ಮಾತ್ರ ಇರುತ್ತದೆ, ತಮ್ಮಂದಿರು ವಾಟ್ನಿ (ಪಾಲು) ಆಗುವ ತನಕ ಕಾಣುವುದಿಲ್ಲ. ವಾಟ್ನಿಯ ನೋಂದನ್ನು ತಪ್ಪದೆ ಹುಡುಕಿ. ಇನ್ನೊಂದು ದತ್ತಕ. ದತ್ತು ಹೋದವನ ಹೆಸರಿನ ಮುಂದಿನ ‘ಬಿನ್’ ಬದಲಾಗುತ್ತದೆ. ಒಬ್ಬನನ್ನೇ ಇಬ್ಬರೆಂದು ಎಣಿಸುತ್ತೀರಿ. ದತ್ತಕ ಪತ್ರ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಅಲ್ಲಿನ 1ನೇ ಪುಸ್ತಕದಲ್ಲಿ ಸ್ಥಿರಾಸ್ತಿಯ ಪತ್ರಗಳು, 3ನೇ ಪುಸ್ತಕದಲ್ಲಿ ಮೃತ್ಯುಪತ್ರಗಳು (ಉಯಿಲುಗಳು) ಇರುತ್ತವೆ. 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.

ಒಂದೇ ಮನೆಯಲ್ಲಿ 1918ರ ಸುಮಾರಿಗೆ ಮೂರು ನಾಲ್ಕು ಸಾವು ಕಂಡರೆ ಬರೆದವರ ತಪ್ಪೆಂದುಕೊಳ್ಳಬೇಡಿ. ಅದು ಇನ್‌ಫ್ಲುಯೆಂಜಾ ಬಂದ ವರ್ಷ. ಅದಕ್ಕೂ ಮೊದಲು, 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಈ ಸೀಮೆಯನ್ನೂ ಹೊಕ್ಕು ಊರೂರು ಖಾಲಿ ಮಾಡಿಸಿತ್ತು.

ಮನೆಯ ಹಳೆಯ ಪತ್ರಗಳಲ್ಲಿ ಇಸವಿಯ ಬದಲು ಶಕೆ ಇರುತ್ತದೆ. ಶಕೆಗೆ 78 ಕೂಡಿಸಿ; ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ 79. ಶಕೆ 1823, ಪ್ಲವ ಸಂವತ್ಸರ ಎಂದಿದ್ದರೆ ಅದು 1901. ಅರವತ್ತು ವರ್ಷಕ್ಕೊಮ್ಮೆ ಮರಳುವ ಪ್ಲವ ಮತ್ತೆ ಬಂದದ್ದು 1961 ಮತ್ತು 2021ರಲ್ಲಿ, ಅಂದರೆ ಲೆಕ್ಕ ಸರಿಯಿದೆ. ಶಕೆ, ಸಂವತ್ಸರ ಎರಡೂ ಕೂಡಿಬರದಿದ್ದರೆ ಅಂಕಿಯನ್ನು ಓದಿದ್ದು ತಪ್ಪಾಗಿದೆ ಎಂದೇ ತಿಳಿಯಿರಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜನ್ಮದಿನ ಜೂನ್ 1 ಎಂದಿದ್ದರೆ ಅದು ಬಹುತೇಕ ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ವರ್ಷವನ್ನೂ ಪೂರ್ತಿ ನಂಬಬೇಡಿ.

ಹೊಲವೇ ಇಲ್ಲದ ಮನೆತನಗಳಿಗೆ ಡೈರಿ ಏನೂ ಹೇಳುವುದಿಲ್ಲ. ಈ ಅನ್ಯಾಯ ದಾಖಲೆಯಲ್ಲೇ ಇದೆ. ತಳವಾರ, ವಾಲಿಕಾರ, ಶೇತಸನದಿ ಮುಂತಾದ ಊರ ಚಾಕರಿಯ ಮನೆಗಳಾಗಿದ್ದರೆ ವತನದ (ಚಾಕರಿಗಾಗಿ ವಂಶಪಾರಂಪರ್ಯವಾಗಿ ಬಂದ ಹಕ್ಕಿನ) ಕಾಗದಗಳನ್ನು ಕೇಳಿ. ಉಳಿದವರಿಗೆ ಶಾಲೆಯ ಪುಸ್ತಕ, ಊರಿನ ಜನನ ಮರಣ ನೋಂದಣಿ.

ಹೆಳವರನ್ನು ಮರೆಯಬೇಡಿ. ಎತ್ತಿನ ಗಾಡಿಯಲ್ಲಿ ಬಂದು ಒಕ್ಕಲು ಮನೆಯ ಮುಂದೆ ಕುಲ, ಬೆಡಗು, ಮೂಲ ಊರು ಹೇಳುವ ಅವರ ಹೊತ್ತಿಗೆಗಳು ಸರ್ಕಾರಿ ದಾಖಲೆ ನಿಂತುಹೋದಲ್ಲಿಂದ ಇನ್ನೂ ಹಿಂದಕ್ಕೆ ಕರೆದೊಯ್ಯುತ್ತವೆ. ಅವರು ಬಂದಾಗ ಧಾನ್ಯ, ಬಟ್ಟೆ ಕೊಟ್ಟು ಗೌರವಿಸಿ, ಒಪ್ಪಿಗೆ ಕೇಳಿ ಧ್ವನಿಮುದ್ರಣ ಮಾಡಿಕೊಳ್ಳಿ. ಇಸವಿ ಸಿಗುವುದು ಅಪರೂಪ. ಹೆಸರುಗಳ ಸಾಲು ಡೈರಿಯ ಸಾಲಿಗೆ ಎಲ್ಲಿ ಕೂಡುತ್ತದೆ ನೋಡಿ, ಅಲ್ಲಿಂದ ಹಿಂದಕ್ಕೆ ಪೆನ್ಸಿಲಿನಲ್ಲೇ ಬರೆಯಿರಿ.

ಹತ್ತೊಂಬತ್ತನೇ ಶತಮಾನದ ಕಾಗದಗಳು ಬಹುಮಟ್ಟಿಗೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಓದಲು ಬರುವವರಿಗೆ ಕಳಿಸುವಾಗ ಬೇಕಾದ ಸಾಲನ್ನಷ್ಟೇ ಕತ್ತರಿಸಿ ಕಳಿಸಬೇಡಿ. ಅಂಚಿನ ಟಿಪ್ಪಣಿ, ಪುಟದ ಸಂಖ್ಯೆ ಸೇರಿದಂತೆ ಇಡೀ ಪುಟದ ಫೋಟೊ ತೆಗೆಯಿರಿ, ಫ್ಲ್ಯಾಶ್ ಬೇಡ. ಮೋಡಿಯಲ್ಲಿ ಲೇಖನಿ ಎತ್ತದೆ ಬರೆಯುವುದರಿಂದ ಒಬ್ಬ ಬರಹಗಾರನ ಕೈ ತಿಳಿಯಲು ಓದುವವರಿಗೆ ಅದೇ ಪುಟದ ಹತ್ತಾರು ಪದಗಳು ಬೇಕಾಗುತ್ತವೆ.