ಹಳೆಯ ಯೆಜ್ಡಿಯ ಹೆಡ್ ಮತ್ತು ಬ್ಯಾರೆಲ್: ಮನೆಯಲ್ಲೇ ಬಿಚ್ಚಿ, ತೊಳೆದು, ಜೋಡಿಸುವ ಬಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳ 250 ಸಿ.ಸಿ. ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್‌ಗಳಿಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಮೇಲ್ಭಾಗವೆಂದರೆ ಅಲ್ಯೂಮಿನಿಯಂ ಹೆಡ್, ಬೀಡುಕಬ್ಬಿಣದ ಬ್ಯಾರೆಲ್ (ಸಿಲಿಂಡರ್), ಅದರೊಳಗಿನ ಪಿಸ್ಟನ್, ರಿಂಗುಗಳು ಮತ್ತು ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್, ಅಷ್ಟೇ. ಆದ್ದರಿಂದ ತಾಳ್ಮೆಯುಳ್ಳವರು ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಬಿಚ್ಚುವುದಕ್ಕಿಂತ, ಜೋಡಿಸುವುದಕ್ಕಿಂತ ಅಳೆಯುವುದೇ ಇಲ್ಲಿ ಮುಖ್ಯವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಳತೆ ನೋಡದೆ ಹೊಸ ರಿಂಗ್ ಹಾಕಿದ ಎಂಜಿನ್ ಕೆಲವೇ ತಿಂಗಳಲ್ಲಿ ಹಳೆಯ ಸ್ಥಿತಿಗೆ ಮರಳುತ್ತದೆ.

ಕಿಕ್ ಹೊಡೆಯುವಾಗ ಕಾಲಿಗೆ ತಡೆಯೇ ಸಿಗದಿದ್ದರೆ, ಏರಿನಲ್ಲಿ ಎಳೆತ ಕುಗ್ಗಿದ್ದರೆ, ತಣ್ಣಗಿರುವಾಗ ಬ್ಯಾರೆಲ್‌ನಿಂದ ಟಕಟಕ ಸದ್ದು ಬರುತ್ತಿದ್ದರೆ ಮೇಲ್ಭಾಗವನ್ನು ಬಿಚ್ಚಿ ನೋಡುವ ಕಾಲ ಬಂದಿದೆಯೆಂದು ತಿಳಿಯಬೇಕು. ಎಳೆತ ಕುಗ್ಗಿರುವುದಕ್ಕೆ ಸೈಲೆನ್ಸರಿನಲ್ಲಿ ಕಟ್ಟಿಕೊಂಡ ಕಾರ್ಬನ್ ಕೂಡ ಕಾರಣವಾಗಿರಬಹುದು. ಅದನ್ನು ಮೊದಲು ಪರೀಕ್ಷಿಸಿದರೆ ಎಷ್ಟೋ ಬಾರಿ ಎಂಜಿನ್ ಬಿಚ್ಚುವ ಅಗತ್ಯವೇ ಬೀಳುವುದಿಲ್ಲ.

ಪೆಟ್ರೋಲ್ ಟ್ಯಾಂಕನ್ನು ತೆಗೆದು ದೂರವಿಟ್ಟು, ಗಾಳಿಯಾಡುವ ಜಾಗದಲ್ಲಿ ಎಂಜಿನ್ನಿನ ಹೊರಮೈಯನ್ನು ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಚೆನ್ನಾಗಿ ತೊಳೆಯಬೇಕು. ಬಿಚ್ಚಿದ ಮೇಲೆ ತೊಳೆಯಲು ಹೋದರೆ ಹೊರಗಿನ ಮಣ್ಣು ನೇರವಾಗಿ, ಎಂಜಿನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನೊಳಗೆ ಇಳಿಯುತ್ತದೆ. ಬಳಿಕ ಕಾರ್ಬ್ಯುರೇಟರನ್ನೂ ಎರಡು ಸೈಲೆನ್ಸರ್ ಪೈಪುಗಳನ್ನೂ ಬಿಚ್ಚಬೇಕು. ಪೈಪುಗಳನ್ನು ಬ್ಯಾರೆಲ್‌ಗೆ ಹಿಡಿದಿರುವ ದುಂಡು ನಟ್ಟುಗಳು ವರ್ಷಗಳ ಬಿಸಿಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಮರುದಿನ ಕೊಕ್ಕೆ ಸ್ಪ್ಯಾನರಿನಿಂದ ತಿರುಗಿಸಬೇಕು. ಉಳಿ, ಸುತ್ತಿಗೆ ಹಿಡಿದು ಬಡಿಯುವ ಅಭ್ಯಾಸ ಕೆಟ್ಟದ್ದು. ಅಲ್ಲಿನ ತಿರುಪಿನ ಥ್ರೆಡ್ ಹಾಳಾದರೆ ಒಳ್ಳೆಯ ಹಳೆಯ ಬ್ಯಾರೆಲ್ ಒಂದು ಕೈಬಿಟ್ಟಂತೆಯೇ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್‌ನ ನಟ್ಟುಗಳನ್ನು ಎದುರುಬದುರಾಗಿ, ಒಮ್ಮೆಗೆ ಕಾಲು ಸುತ್ತಿನಂತೆ ಸಡಿಲಿಸಬೇಕು. ಬ್ಯಾರೆಲ್ ಅಂಟಿಕೊಂಡಿದ್ದರೆ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಬಹುದು. ಫಿನ್‌ಗಳ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಬೀಡುಕಬ್ಬಿಣ ಮುರಿಯುತ್ತದೆ. ಬ್ಯಾರೆಲ್ ಸ್ವಲ್ಪ ಮೇಲೆದ್ದ ಕೂಡಲೇ, ರಿಂಗುಗಳು ಹೊರಬರುವ ಮೊದಲೇ, ಕ್ರ್ಯಾಂಕ್‌ಕೇಸಿನ ಬಾಯಿಗೆ ನೂಲು ಬಿಡದ ಶುಚಿಯಾದ ಬಟ್ಟೆ ತುರುಕಬೇಕು. ಮುರಿದ ರಿಂಗಿನ ಒಂದು ಚೂರು ಒಳಗೆ ಬಿದ್ದರೂ ಎಂಜಿನ್ನನ್ನು ಪೂರ್ತಿ ಇಳಿಸಿ ಬಿಚ್ಚಬೇಕಾದೀತು.

ಈಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡನ್ನು ಮೇಲಿನ ತುದಿಗೆ ತಂದು, ನೇರವಾಗಿ ಮೇಲಕ್ಕೂ ಕೆಳಕ್ಕೂ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಅಲುಗಾಟ ಇರುವುದು ಸಹಜ, ಆದರೆ ಮೇಲೆ ಕೆಳಗೆ ಟಕ್ಕೆಂದು ಆಡುವುದಾದರೆ ಕೆಳಗಿನ ಬೇರಿಂಗ್ ಸವೆದಿದೆ. ಅಂಥ ಎಂಜಿನ್ನಿಗೆ ಮೇಲ್ಭಾಗವನ್ನಷ್ಟೇ ಹೊಸದು ಮಾಡುವುದು ಹಣ ಹಾಳು ಮಾಡುವ ಕೆಲಸ; ಕ್ರ್ಯಾಂಕ್ ಕೆಲಸ ಮುಗಿಯುವವರೆಗೆ ಉಳಿದದ್ದನ್ನು ನಿಲ್ಲಿಸಿಬಿಡಿ.

ಪಿಸ್ಟನ್ ಬಿಡಿಸಲು, ಗಜನ್ ಪಿನ್ ಸರಿಯದಂತೆ ಹಿಡಿದಿರುವ ತಂತಿಯ ಬಳೆಯಾದ ಸರ್ಕ್ಲಿಪ್ ತೆಗೆದು, ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್‌ಗೆ ಸುತ್ತಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಗಜನ್ ಪಿನ್ ಸಡಿಲವಾಗಿ, ಕೈಯ ಒತ್ತಡಕ್ಕೇ ಸರಿಯುತ್ತದೆ. ಆಸರೆ ಕೊಡದೆ ಪಿನ್ನನ್ನು ಬಡಿದರೆ ರಾಡ್ ಬಾಗುವ ಅಪಾಯವಿದೆ.

ಶುಚಿಗೊಳಿಸುವಾಗ ಪಿಸ್ಟನ್ ತಲೆ, ಹೆಡ್‌ನ ಒಳಮೈ ಮತ್ತು ಎಕ್ಸಾಸ್ಟ್ ಪೋರ್ಟುಗಳಲ್ಲಿನ (ಬ್ಯಾರೆಲ್ಲಿನಿಂದ ಹೊಗೆ ಹೊರಹೋಗುವ ಕಿಂಡಿಗಳಲ್ಲಿನ) ಮಸಿಯನ್ನು ಬಿದಿರಿನ ಚಕ್ಕೆ ಮತ್ತು ಹಿತ್ತಾಳೆ ಬ್ರಷ್‌ನಿಂದ ಮಾತ್ರ ಕೆರೆಯಿರಿ. ರಿಂಗ್ ಕೂರುವ ತೋಡಿಗೆ ಹಳೆಯ ರಿಂಗಿನ ಮುರಿದ ತುಂಡೇ ಒಳ್ಳೆಯ ಸಲಕರಣೆ, ಆದರೆ ತೋಡಿನೊಳಗಿನ ಪುಟ್ಟ ಗೂಟಕ್ಕೆ ಪೆಟ್ಟಾಗಬಾರದು. ಹಳೆಯ ಪ್ಯಾಕಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಅವನ್ನು ಒಣಗಿದಂತೆಯೇ ಕೆರೆಯದೆ, ಎಣ್ಣೆಯಲ್ಲಿ ನೆನೆಸಿ ಬಿಡಿಸಬೇಕು. ಸೈಲೆನ್ಸರಿನೊಳಗಿನ ಉಕ್ಕಿನ ಬ್ಯಾಫಲ್‌ಗೆ ಕಾಸ್ಟಿಕ್ ಸೋಡಾ ನೀರು ಹಾಕಬಹುದು, ಕೈಗವಸು, ಕನ್ನಡಕ ಕಡ್ಡಾಯ. ಅದೇ ನೀರನ್ನು ಪಿಸ್ಟನ್‌ಗಾಗಲಿ ಹೆಡ್‌ಗಾಗಲಿ ತಾಗಿಸಿದರೆ ಅದು ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ಅಳತೆಗೆ ಮನೆಯಲ್ಲಿ ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಕಟ್ಟು) ಸಾಕು. ರಿಂಗ್ ಒಂದನ್ನು ಬ್ಯಾರೆಲ್‌ನೊಳಗಿಟ್ಟು, ಪಿಸ್ಟನ್‌ನಿಂದ ಒತ್ತಿ ಸಮಮಾಡಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಅಳೆಯಬೇಕು. ಒಮ್ಮೆ ರಿಂಗುಗಳು ಹೆಚ್ಚು ಉಜ್ಜುವ ಮೇಲಿನ ಭಾಗದಲ್ಲಿ, ಇನ್ನೊಮ್ಮೆ ಅವು ತಲುಪದ ಬುಡದಲ್ಲಿ ಅಳೆದರೆ, ಎರಡರ ವ್ಯತ್ಯಾಸವೇ ಸವೆತವನ್ನು ಹೇಳುತ್ತದೆ. ವೃತ್ತದ ಸುತ್ತಳತೆ ವ್ಯಾಸದ 3.14 ಪಟ್ಟು ಆಗಿರುವುದರಿಂದ, ಸಂದು 0.31 ಮಿ.ಮೀ. ಹೆಚ್ಚಿದ್ದರೆ ಬ್ಯಾರೆಲ್ ಅಲ್ಲಿ ಸುಮಾರು 0.1 ಮಿ.ಮೀ. ಅಗಲವಾಗಿದೆ ಎಂದರ್ಥ. ಅಷ್ಟು ಸವೆದ ಬ್ಯಾರೆಲ್‌ಗೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ಬೋರ್ ಮಾಡಿಸಲೇಬೇಕು, ಅಂದರೆ ಒಳಮೈಯನ್ನು ಕೊರೆದು ಅಗಲ ಮಾಡಿಸಬೇಕು. ಬ್ಯಾರೆಲ್ ಎಷ್ಟು ಮೊಟ್ಟೆಯಾಕಾರಕ್ಕೆ ತಿರುಗಿದೆಯೆಂಬುದು ಮಾತ್ರ ಈ ವಿಧಾನದಲ್ಲಿ ಗೊತ್ತಾಗುವುದಿಲ್ಲ. ಅದನ್ನು ಲೇತ್ ಅಂಗಡಿಯಲ್ಲಿ ಬೋರ್ ಗೇಜ್ ಹಾಕಿಸಿ ನೋಡಬೇಕು.

ಮೊದಲು ಓವರ್‌ಸೈಜ್ ಪಿಸ್ಟನ್ ಕೊಂಡು, ಅದನ್ನೇ ಲೇತ್ ಅಂಗಡಿಯವರ ಕೈಗೆ ಕೊಟ್ಟು ಅದರ ಅಳತೆಗೆ ತಕ್ಕಂತೆ ಬೋರ್ ಮಾಡಿಸಬೇಕು. ಮೊದಲೇ ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಿದರೆ ಪಿಸ್ಟನ್ನಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಹೊಂದುವುದಿಲ್ಲ. ಬೋರ್, ಹೋನಿಂಗ್ (ಸಾಣೆಕಲ್ಲಿನಿಂದ ಒಳಮೈ ಉಜ್ಜುವ ಕೆಲಸ) ಮುಗಿದ ಮೇಲೆ ಪೋರ್ಟುಗಳ ಅಂಚನ್ನು ನಯವಾಗಿ ಮುರಿಸಲು ಮರೆಯಬಾರದು, ಚೂಪಾದ ಅಂಚಿಗೆ ರಿಂಗ್ ಸಿಕ್ಕಿ ಮುರಿಯುತ್ತದೆ. ಮನೆಗೆ ತಂದ ಬ್ಯಾರೆಲನ್ನು ಪೆಟ್ರೋಲ್‌ನಲ್ಲಿ ಒರೆಸಿದರೆ ಹೋನಿಂಗ್ ಪುಡಿ ಹೋಗುವುದಿಲ್ಲ. ಬಿಸಿನೀರು, ಸೋಪು ಹಾಕಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ತಿಕ್ಕಿ, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಬೇಕು.

ಜೋಡಿಸುವಾಗ ಪಿಸ್ಟನ್ ತಲೆಯ ಬಾಣದ ಗುರುತು ಮುಂದಕ್ಕೆ, ಎಕ್ಸಾಸ್ಟ್ ಕಡೆಗೆ ಇರಬೇಕು. ಸರ್ಕ್ಲಿಪ್‌ಗಳು ಎಂದಿಗೂ ಹೊಸವೇ ಆಗಿರಲಿ. ಬುಡದ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪವಿರಬೇಕು, ಏಕೆಂದರೆ ಪೋರ್ಟುಗಳು ತೆರೆಯುವ ಹೊತ್ತು ಅದನ್ನೇ ಅವಲಂಬಿಸಿದೆ. ಪಿಸ್ಟನ್ ಕೆಳಗೆ ಎರಡು ಮರದ ಪಟ್ಟಿಗಳನ್ನು ಆಸರೆಗಿಟ್ಟು, ಪ್ರತಿ ರಿಂಗಿನ ಸಂದು ಅದರ ಗೂಟಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡಿ, ಬೆರಳಿನಿಂದ ರಿಂಗ್ ಒತ್ತಿ ಹಿಡಿದು ಬ್ಯಾರೆಲನ್ನು ನೇರವಾಗಿ ಇಳಿಸಬೇಕು. ತಡೆ ಸಿಕ್ಕಿದರೆ ನಿಲ್ಲಿಸಿ, ಮೇಲೆತ್ತಿ, ಮತ್ತೆ ನೋಡಬೇಕೇ ಹೊರತು ಬಲ ಹಾಕಬಾರದು, ಬ್ಯಾರೆಲನ್ನು ತಿರುಚಲೂ ಬಾರದು. ಪಟ್ಟಿ, ಬಟ್ಟೆಗಳನ್ನು ಹೊರತೆಗೆದ ಮೇಲೆ ಹೆಡ್ ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಮೂರು ಸುತ್ತುಗಳಲ್ಲಿ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ತನ್ನಿ.

ಬಹಳಷ್ಟು ಮಂದಿ ಬಿಟ್ಟುಬಿಡುವ ಪರೀಕ್ಷೆಯೊಂದಿದೆ. ಟೂ ಸ್ಟ್ರೋಕ್ ಎಂಜಿನ್ ಕ್ರ್ಯಾಂಕ್‌ಕೇಸಿನ ಮೂಲಕವೇ ಉಸಿರಾಡುತ್ತದೆ. ಬುಡದ ಪ್ಯಾಕಿಂಗಿನಲ್ಲಿ ಕೂದಲೆಳೆಯಷ್ಟು ಸೋರಿಕೆಯಿದ್ದರೂ ಹೆಚ್ಚುವರಿ ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಪ್ಲಗ್ ತೂತಿನಿಂದ ಸೈಕಲ್ ಪಂಪಿನ ಮೂಲಕ 5 ಪಿ.ಎಸ್.ಐ.ನಷ್ಟು ಮಾತ್ರ ಗಾಳಿ ತುಂಬಿ, ಸಂದುಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದ ಜಾಗವೇ ಸೋರುವ ಜಾಗ.

ಮೊದಲ ಸಲ ಚಾಲೂ ಮಾಡುವಾಗ ಪೆಟ್ರೋಲ್‌ಗೆ ಟೂ ಸ್ಟ್ರೋಕ್ ಎಣ್ಣೆಯನ್ನು ಕೈಪಿಡಿ ಹೇಳಿದ ಪ್ರಮಾಣಕ್ಕಿಂತ ಕಡಿಮೆ ಮಾಡದೆ ಬೆರೆಸಿರಬೇಕು. ಕೆಲವು ನಿಮಿಷ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಹೆಡ್‌ನ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಆರಂಭದ 500 ಕಿ.ಮೀ.ವರೆಗೆ ಅರ್ಧಕ್ಕಿಂತ ಹೆಚ್ಚು ಆಕ್ಸಿಲರೇಟರ್ ಕೊಡದೆ, ಏರಿನಲ್ಲಿ ದೊಡ್ಡ ಗೇರಿನಲ್ಲಿ ಎಳೆಸದೆ ನಡೆಸಿ. ನಡುನಡುವೆ ಪ್ಲಗ್ ಬಿಚ್ಚಿ ನೋಡುತ್ತಿರಿ: ಕಂದು ಬಣ್ಣವಿದ್ದರೆ ಸರಿ, ಬೂದಿಯಂತೆ ಬೆಳ್ಳಗಾಗಿದ್ದರೆ ಮಿಶ್ರಣ ತೆಳುವಾಗಿದೆ, ಮುಂದಕ್ಕೆ ಓಡಿಸುವ ಮೊದಲು ಗಾಳಿಯ ಸೋರಿಕೆಯನ್ನೂ ಕಾರ್ಬ್ಯುರೇಟರ್‌ನ ಜೆಟ್ಟನ್ನೂ ಪರೀಕ್ಷಿಸಿ.