ಎಂಟು ಅಂದರೆ ಆಗಸ್ಟ್ ಅಲ್ಲ: ನಮ್ಮ ಚರ್ಚಿನ ಹಳೆ ರಿಜಿಸ್ಟರ್ ಓದಿದ ಅನುಭವ

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಿಂದ ನಾನು ರಿಟೈರ್ ಆದ ಸುದ್ದಿ ಎಲ್ಲರಿಗಿಂತ ಮೊದಲು ನಮ್ಮ ಕ್ಯಾಥೊಲಿಕ್ ಚರ್ಚಿಗೆ ಮುಟ್ಟಿತ್ತು. ಒಂದು ಭಾನುವಾರ ಪೂಜೆ ಮುಗಿಸಿ ಚಪ್ಪಲಿ ಹುಡುಕುತ್ತಿದ್ದೆ. ಫಾದರ್ ಕರೆದರು. 'ಅಂಕಲ್, ಜುಬಿಲಿ ಬರಾಕತ್ತೈತಿ. ಒಂದ್ ಹತ್ತು ಪೇಜ್ ಚರ್ಚಿನ ಇತಿಹಾಸ ಬರ್ದು ಕೊಡ್ರಲ್ಲ. ನಿಮಗೇನ್ ಈಗ ಟೈಮ್ ಐತಿ.'

ಆ ಹತ್ತು ಪೇಜಿಗೆ ಎರಡು ವರ್ಷ ಹಿಡಿಯಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಬಾಗಿಲ ಪಕ್ಕದ ಕಲ್ಲಿನಲ್ಲಿದ್ದ ಇಸವಿ ಬರೆದುಕೊಂಡೆ. ಆಮೇಲೆ ಹಿರಿಯರ ಮನೆಗಳಿಗೆ ಹೋದೆ. ಕೇಶ್ವಾಪುರದ ಕಡೆ ಒಬ್ಬರು ಅಜ್ಜಾರು ಚಹಾ ಕುಡಿಸಿ ಚೆಂದದ ಕಥೆ ಹೇಳಿದರು. ಜರ್ಮನ್ ಪಾದ್ರಿಯೊಬ್ಬರು ಬಂದರಂತೆ, ಚರ್ಚು ಕಟ್ಟಿಸಿದರಂತೆ, ಅವರ ಹೆಂಡತಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರಂತೆ. ಖುಷಿಯಿಂದ ನಾಲ್ಕು ಪುಟ ಬರೆದುಕೊಂಡು ಬಂದೆ. ರಾತ್ರಿ ಊಟಕ್ಕೆ ಕೂತಾಗ ತಲೆಗೆ ಹೊಳೆಯಿತು. ಕ್ಯಾಥೊಲಿಕ್ ಪಾದ್ರಿಗಳು ಮದುವೆಯಾಗೋದಿಲ್ಲ, ಹೆಂಡತಿ ಎಲ್ಲಿಂದ ಬಂದಳು?

ಅಜ್ಜಾರು ಹೇಳಿದ್ದು ಬಾಸೆಲ್ ಮಿಶನ್ ಕಥೆ. ಆ ಮಿಶನಿನ ಪಾದ್ರಿಗಳು ಪ್ರಾಟೆಸ್ಟಂಟರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದವರು. ಅಜ್ಜಾರ ತಪ್ಪು ಅಂತಲೂ ಹೇಳುವಂತಿಲ್ಲ. ಆಮೇಲೆ ಪುಣೆ ಧರ್ಮಪ್ರಾಂತ್ಯದಲ್ಲಿ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತದ ಪ್ರದೇಶದಲ್ಲಿ, ದುಡಿದ ಜೆಸ್ವಿತ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳಲ್ಲೂ ಜರ್ಮನರೇ ಜಾಸ್ತಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಎರಡೂ ಕಡೆಯ ಜರ್ಮನರನ್ನು ಹಿಡಿದು ಕೂಡಿಹಾಕಿದರು. ಊರಿನವರ ನೆನಪಿನಲ್ಲಿ ಇಬ್ಬರೂ ಕೂಡಿ ಒಬ್ಬನೇ 'ಜರ್ಮನ್ ಪಾದ್ರಿ' ಆಗಿಬಿಟ್ಟಿದ್ದಾನೆ. ಆ ನಾಲ್ಕು ಪುಟ ಹರಿದು ಹಾಕಿದೆ. ಅಂದಿನಿಂದ ಕೇಳಿದ ಮಾತನ್ನು ಕಾಗದದ ಜೊತೆ ಹೋಲಿಸದೆ ಬರೆದಿಲ್ಲ.

ಕಾಗದ ಎಲ್ಲಿದೆ ಅನ್ನೋದೇ ದೊಡ್ಡ ತಲೆನೋವು. ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿದ್ದು 1953ರಲ್ಲಿ, ಗೋವಾ ಮತ್ತು ಪುಣೆ ಎರಡರಿಂದಲೂ ಭಾಗ ಕತ್ತರಿಸಿ. ಅದಕ್ಕಿಂತ ಹಳೆಯ ಪತ್ರ ಬೇಕೆಂದರೆ ಆ ಎರಡೂ ಕಡೆ ಕೇಳಬೇಕು. ನಾನು ಎರಡೂ ಕಡೆ ಬರೆದೆ. ಒಂದು ಕಡೆಯಿಂದ ಉತ್ತರ ಬಂತು, ಇನ್ನೊಂದು ಕಡೆಯಿಂದ ಇನ್ನೂ ಬರಬೇಕು. ಹಾಗಾಗಿ ಕೊನೆಗೆ ಉಳಿದದ್ದು ನಮ್ಮದೇ ಚರ್ಚಿನ ಕಪಾಟು.

ಕಪಾಟಿನಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣದ ರಿಜಿಸ್ಟರುಗಳಿದ್ದವು. ಇವು ಯಾರೋ ಆಸಕ್ತಿಯಿಂದ ಬರೆದಿಟ್ಟ ಡೈರಿಗಳಲ್ಲ. 1563ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆ ಮಾಡಿದ ನಿಯಮದಿಂದಾಗಿ ಜಗತ್ತಿನ ಎಲ್ಲ ಕಡೆ ಪಾದ್ರಿಗಳು ಜ್ಞಾನಸ್ನಾನ, ಮದುವೆಗಳನ್ನು ಬರೆದಿಡಲೇಬೇಕು. ನಮ್ಮವು ಲ್ಯಾಟಿನ್‌ನಲ್ಲಿದ್ದವು. ಬೆನ್ನು ಬಿಚ್ಚಿ ಹೋಗಿತ್ತು. ಯಾವನೋ ಪುಣ್ಯಾತ್ಮ ಹರಿದ ಹಾಳೆಗಳಿಗೆ ಸೆಲೋಟೇಪ್ ಹಚ್ಚಿದ್ದ. ಟೇಪು ಹಳದಿಯಾಗಿ, ಕೆಳಗಿನ ಶಾಯಿಯನ್ನೂ ತಿಂದಿತ್ತು. ದಯವಿಟ್ಟು ಹಳೆ ಕಾಗದಕ್ಕೆ ಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ನಾನು ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದು, ಆಮೇಲೆ ಮನೆಯಲ್ಲಿ ಕೂತು ಓದಿದೆ.

ನನಗೆ ಬರುವ ಲ್ಯಾಟಿನ್ ಅಂದರೆ ಚಿಕ್ಕಂದಿನಲ್ಲಿ ಪೂಜೆಯಲ್ಲಿ ಕೇಳಿದ್ದಷ್ಟೇ. 'ಗುಲಿಯೆಲ್ಮುಸ್' ಯಾರಪ್ಪ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ವಿಲಿಯಂ! ಕಾರೋಲುಸ್ ಅಂದರೆ ಚಾರ್ಲ್ಸ್, ಯಾಕೋಬುಸ್ ಅಂದರೆ ಜೇಮ್ಸ್. ಮುಂದೆ ಗುಲಿಯೆಲ್ಮಿ, ಗುಲಿಯೆಲ್ಮುಮ್ ಅಂತ ಬಂತು. ಬೇರೆ ಬೇರೆ ಮೂವರು ಅಂದುಕೊಂಡು ಮೂರು ಸಾಲಿನಲ್ಲಿ ಬರೆದಿದ್ದೆ. ಮೂವರೂ ಒಬ್ಬನೇ. ರಾಮನು, ರಾಮನನ್ನು, ರಾಮನ ಅಂತ ಶಾಲೆಯಲ್ಲಿ ಕಲಿತ ವಿಭಕ್ತಿ ಅಲ್ಲೂ ಇದೆ. ಕನ್ನಡ ಮಾಸ್ತರ ಕೈಯಲ್ಲಿ ತಿಂದ ಏಟು ಅರವತ್ತರ ಮೇಲೆ ಹೀಗೆ ಕೆಲಸಕ್ಕೆ ಬಂತು.

ದೊಡ್ಡ ಎಡವಟ್ಟು ತಿಂಗಳಿನದು. ಮೊದಲ ರಿಜಿಸ್ಟರಿನ ಮೊದಲ ಜ್ಞಾನಸ್ನಾನದ ಮುಂದೆ '8ಬ್ರಿಸ್' ಅಂತಿತ್ತು. ಎಂಟನೇ ತಿಂಗಳು, ಅಂದರೆ ಆಗಸ್ಟ್, ಇದರಲ್ಲೇನು ಯೋಚನೆ? ಆದರೆ ಮುಂದಿನ ವರ್ಷಗಳಲ್ಲಿ ಜುಲೈ, ಆಗಸ್ಟ್ ಅಂತ ಅಕ್ಷರದಲ್ಲೇ ಬರೆದು, ಅದಾದ ಮೇಲೆ '7ಬ್ರಿಸ್' ಬರುತ್ತಿತ್ತು. ಆಗಸ್ಟ್ ಆದ ಮೇಲೆ ಮತ್ತೆ ಜುಲೈ? ಪಾದ್ರಿಗೆ ಮರೆವು ಅಂತ ನಾನೇ ತೀರ್ಮಾನ ಮಾಡಿ ಮುಂದೆ ಹೋದೆ. ಓದುವವನಿಗೆ ಗೊತ್ತಾಗದಿದ್ದಾಗ ಬರೆದವನನ್ನು ದಡ್ಡ ಅನ್ನೋದು ಎಷ್ಟು ಸುಲಭ ನೋಡಿ.

ಅಷ್ಟರಲ್ಲಿ ಜುಬಿಲಿ ಕಮಿಟಿಯಲ್ಲಿ ಬೇರೆ ಜಗಳ ಶುರುವಾಗಿತ್ತು. ಕಲ್ಲಿನ ಇಸವಿಗಿಂತ ರಿಜಿಸ್ಟರ್ ಎಂಟು ವರ್ಷ ಹಳೆಯದು. ಕಟ್ಟಡ ಏಳುವ ಮೊದಲೇ ಜನ ಇದ್ದರು, ಯಾರದೋ ಕೋಣೆಯಲ್ಲಿ ಪೂಜೆ ನಡೆಯುತ್ತಿತ್ತು ಅನ್ನೋದು ನನ್ನ ಲೆಕ್ಕ. 'ಹಂಗಾದ್ರ ಜುಬಿಲಿ ಆಗಿ ಎಂಟು ವರ್ಷ ಆತಲ್ರಿ!' ಅಂತ ಒಬ್ಬರು ಎದ್ದು ನಿಂತರು. ಕೊನೆಗೆ ಇಸವಿ ಕಲ್ಲಿನದು, ದಿನ ಮಾತ್ರ ಮೊದಲ ಜ್ಞಾನಸ್ನಾನದ್ದು ಅಂತ ರಾಜಿಯಾಯಿತು. ಇಂಥ ರಾಜಿ ನಮ್ಮ ಹುಬ್ಬಳ್ಳಿಯಲ್ಲಿ ಮಾತ್ರ ಸಾಧ್ಯ. ಆಗಸ್ಟ್ ತಾರೀಕು ಹಾಕಿ 500 ಕಾರ್ಡು ಪ್ರಿಂಟ್ ಮಾಡಿಸಿದರು.

ಕಾರ್ಡು ಕೊಡಲು ವಯಸ್ಸಾದ ಸಿಸ್ಟರ್ ಒಬ್ಬರ ಹತ್ತಿರ ಹೋದೆ. ಅವರಿಗೆ ಲ್ಯಾಟಿನ್ ಬರುತ್ತದೆ. ಮೊಬೈಲಿನಲ್ಲಿ ಆ ಪುಟ ತೋರಿಸಿದೆ. ಕನ್ನಡಕ ಏರಿಸಿ ನೋಡಿ ನಕ್ಕುಬಿಟ್ಟರು. 'ಇದು ಆಗಸ್ಟ್ ಅಲ್ಲಪ್ಪ, ಒಕ್ಟೋಬ್ರಿಸ್. ಅಕ್ಟೋಬರ್.' ಹಳೆಯ ರೋಮನ್ ವರ್ಷ ಮಾರ್ಚಿನಿಂದ ಶುರು. ಸೆಪ್ತೆಮ್ ಅಂದರೆ ಏಳು, ಒಕ್ತೊ ಅಂದರೆ ಎಂಟು. ಹಾಗಾಗಿ 7ಬ್ರಿಸ್ ಸೆಪ್ಟೆಂಬರ್, 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್. ಡಿಸೆಂಬರಿಗೆ ಹತ್ತರ ರೋಮನ್ ಅಂಕಿ. ಪಾದ್ರಿಗೆ ಮರೆವು ಇರಲಿಲ್ಲ. ಎರಡು ವರ್ಷದ ನೋಟ್ಸಿನಲ್ಲಿ ಪ್ರತಿ ತಿಂಗಳನ್ನೂ ಮತ್ತೆ ತಿದ್ದಬೇಕಾಯಿತು.

ತಿದ್ದುವಾಗಲೇ ಒಳ್ಳೆಯ ಸಂಗತಿಗಳು ಕಣ್ಣಿಗೆ ಬಿದ್ದವು. ತಂದೆಯ ಉದ್ಯೋಗದ ಕಾಲಂನಲ್ಲಿ ಫಿಟ್ಟರ್, ಗಾರ್ಡ್, ಫೈರ್‌ಮನ್ ಅಂತ ಇರುತ್ತಿತ್ತು. ಜೊತೆಗೆ ಕಂಪನಿಯ ಹೆಸರು. 1882ರಲ್ಲಿ ಶುರುವಾದ ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿ ಎಂ ಆ್ಯಂಡ್ ಎಸ್‌ಎಂ (ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ) ಆಯಿತು. ಇಸವಿ ಹರಿದುಹೋದ ಹಾಳೆಗಳನ್ನು ಇದರಿಂದಲೇ ಹಿಂದೆ ಮುಂದೆ ಜೋಡಿಸಿದೆ. ರೈಲ್ವೆ ನೌಕರಿಯ ಅನುಭವ ಉಪಯೋಗಕ್ಕೆ ಬಂದದ್ದು ಇಲ್ಲೊಂದೇ.

ಅದೇ 1908ರಿಂದ ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳೂ ಶುರುವಾಗುತ್ತವೆ. ರೋಮ್‌ನಿಂದ ಬಂದ ಹೊಸ ನಿಯಮದ ಪ್ರಕಾರ, ಒಬ್ಬರು ಎಲ್ಲೇ ಮದುವೆಯಾದರೂ ಅಲ್ಲಿನ ಪಾದ್ರಿ ಜ್ಞಾನಸ್ನಾನ ಕೊಟ್ಟ ಚರ್ಚಿಗೆ ತಿಳಿಸಬೇಕು, ಇಲ್ಲಿ ಹೆಸರಿನ ಪಕ್ಕ ಬರೆಯಬೇಕು. ಮೊದಲು ಇದನ್ನು ಗೀಚು ಅಂತ ಬಿಟ್ಟಿದ್ದೆ. ಆಮೇಲೆ ನೋಡಿದರೆ ಲೋಂಡಾ, ಮಿರಜ್, ಗುಂತಕಲ್, ಕ್ಯಾಸಲ್ ರಾಕ್! ನಮ್ಮ ಹುಡುಗಿಯರು ರೈಲು ಹೋದ ಕಡೆಗೆಲ್ಲ ಸೊಸೆಯರಾಗಿ ಹೋಗಿದ್ದಾರೆ.

ಕೆಲವನ್ನು ಓದಿ ಮುಚ್ಚಿಟ್ಟೆ. ತಂದೆಯ ಹೆಸರಿನ ಜಾಗದಲ್ಲಿ 'ಇಗ್ನೋತುಸ್', ಅಂದರೆ ಗೊತ್ತಿಲ್ಲ, ಅಂತಿದ್ದ ಮಕ್ಕಳಿದ್ದಾರೆ. ಅವರ ಮೊಮ್ಮಕ್ಕಳು ಇವತ್ತು ನಮ್ಮ ಪಕ್ಕದ ಬೆಂಚಿನಲ್ಲಿ ಕೂರುತ್ತಿರಬಹುದು. ಫೋಟೋ ಕೂಡ ಯಾರಿಗೂ ಕಳಿಸಿಲ್ಲ.

ಫೋಟೋ ಅಂದಾಗ ನೆನಪಾಯಿತು. ಮನೆಮನೆಯ ಆಲ್ಬಮ್ಮಿನಿಂದ ಬಂದ ಚಿತ್ರಗಳಿಗೆ ಇಸವಿ ಇರುವುದಿಲ್ಲ. ಪಾದ್ರಿ ಜನರಿಗೆ ಬೆನ್ನು ಮಾಡಿ ಪೂಜೆ ಮಾಡುತ್ತಿದ್ದರೆ ಅದು 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ಬದಲಾವಣೆ ಬರುವ ಮುಂಚಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ಪೂಜೆಯ ಪೀಠ ಗೋಡೆ ಬಿಟ್ಟು ಮುಂದೆ ಬಂದದ್ದು, ಲ್ಯಾಟಿನ್ ಹೋಗಿ ಕನ್ನಡ ಬಂದದ್ದು ಎಲ್ಲ ಆಮೇಲೆ.

ಜುಬಿಲಿ ಅಕ್ಟೋಬರಿನಲ್ಲೇ ಆಯಿತು. ಹೊಸ ಕಾರ್ಡಿನ ಖರ್ಚು ನಾನೇ ಕೊಟ್ಟೆ. ಆಗಸ್ಟಿನ 500 ಕಾರ್ಡು ನಮ್ಮ ಮನೆಯ ಅಟ್ಟದ ಮೇಲಿವೆ, ಹಿಂಬದಿ ಖಾಲಿ. ಅದರಲ್ಲೇ ಈಗ ಮರಣದ ರಿಜಿಸ್ಟರಿನ ನೋಟ್ಸ್ ಬರೆಯುತ್ತಿದ್ದೇನೆ, ಒಬ್ಬರಿಗೆ ಒಂದು ಕಾರ್ಡು. 1918ರ ಇನ್‌ಫ್ಲುಯೆಂಜಾಕ್ಕೆ ಬಂದಿದ್ದೇನೆ. ಅಕ್ಟೋಬರ್ ಒಂದೇ ತಿಂಗಳಿಗೆ ಒಂದು ಕಟ್ಟು ಕಾರ್ಡು ಖಾಲಿಯಾಯಿತು.