ನಾಲ್ಕು ಆಸನದ ವಿಮಾನದಲ್ಲಿ ಮಗುವನ್ನು ಹತ್ತಿಸುವ ಮುನ್ನ

ಪುಣೆಯ ಲೋಹೆಗಾಂವ್ ವಿಮಾನ ನಿಲ್ದಾಣವು ವಾಯುಪಡೆಯ ನೆಲೆಯಾದ್ದರಿಂದ, ಸೆಸ್ನಾ 172ರಂಥ ಪುಟ್ಟ ವಿಮಾನದಲ್ಲಿ ಮಗುವನ್ನು ಕೂರಿಸಬೇಕೆನ್ನುವ ಇಲ್ಲಿನ ಕನ್ನಡ ಕುಟುಂಬಗಳು ಸುಮಾರು 100 ಕಿಲೋಮೀಟರ್ ದೂರದ, ಹಾರಾಟದ ತರಬೇತಿ ನಡೆಯುವ ಬಾರಾಮತಿಯತ್ತ ನೋಡುವುದುಂಟು. ಹಡಪಸರ್ ದಾಟಿ ದಿವೆ ಘಾಟ್ ಏರುವ ದಾರಿಯೇ ಮೊದಲ ಪರೀಕ್ಷೆ: ಆ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಮಗು ಆಕಾಶದಲ್ಲಿ ಸುಮ್ಮನಿದ್ದೀತೆಂದು ನಂಬಬೇಡಿ.

ಹಾರಿಸುವವರು ಯಾರೆಂಬುದನ್ನು ಸಂಕೋಚವಿಲ್ಲದೆ ಕೇಳಿ. ತರಬೇತಿಯಲ್ಲಿರುವ ವಿದ್ಯಾರ್ಥಿಯು ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ; ಖಾಸಗಿ ಪೈಲಟ್ ಪರವಾನಗಿಯುಳ್ಳ ಸ್ನೇಹಿತರು ಕರೆದೊಯ್ಯಬಹುದಾದರೂ ಅದಕ್ಕೆ ಬಾಡಿಗೆ ಪಡೆಯುವಂತಿಲ್ಲ. ನಿಮ್ಮ ತೂಕವನ್ನು ಚೀಲದ ಸಮೇತ ನಿಜವಾಗಿ ಹೇಳಿ, ಏಕೆಂದರೆ ಇಂಧನ ತುಂಬಿದ ಈ ವಿಮಾನ ನಾಲ್ವರು ದೊಡ್ಡವರ ಭಾರವನ್ನು ಎಲ್ಲ ಸಂದರ್ಭದಲ್ಲೂ ತಡೆಯುವುದಿಲ್ಲ.

ಮಗುವಿನ ಜಾಗ ಹಿಂದಿನ ಆಸನ. ಮುಂದಿನ ಎರಡೂ ಆಸನಗಳೆದುರು ಚಾಲನಾ ಹಿಡಿಕೆ ಮತ್ತು ಪೆಡಲ್‌ಗಳಿರುವುದರಿಂದ ಪುಟ್ಟ ಕಾಲಿನ ಒಂದು ಒದೆತವೂ ವಿಮಾನಕ್ಕೆ ತಟ್ಟುತ್ತದೆ. ಕಾರಿನಲ್ಲಿ ಬಳಸುವ ಮಕ್ಕಳ ಸೀಟನ್ನು ಅಲ್ಲಿನ ಬೆಲ್ಟಿನಿಂದ ಬಿಗಿಯಲು ಆಗುವುದೇ ಎಂದು ಪೈಲಟ್ ಜೊತೆ ಮೊದಲೇ ನೋಡಿಕೊಂಡು, ಪಕ್ಕದಲ್ಲಿ ನೀವು ಕುಳಿತುಕೊಳ್ಳಿ. ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ವಿಮಾನ ಒಮ್ಮೆ ಜೋರಾಗಿ ಕುಲುಕಿದರೆ ತಾಯಿಯ ತೋಳಿಗೂ ಮಗು ನಿಲ್ಲುವುದಿಲ್ಲ.

ಹೆಚ್ಚು ಗಮನ ಬೇಕಾದದ್ದು ಕಿವಿಗೆ. ಎಂಜಿನ್ನಿನ ಸದ್ದು ಮಾತು ಕೇಳಿಸದಷ್ಟಿರುತ್ತದೆ, ಆದ್ದರಿಂದ ಮಕ್ಕಳ ಅಳತೆಯ ಇಯರ್‌ಮಫ್ ತಂದು, ನಾಲ್ಕಾರು ದಿನ ಮನೆಯಲ್ಲೇ ತೊಡಿಸಿ ರೂಢಿ ಮಾಡಿಸಿ. ವಿಮಾನದೊಳಗೆ ಮೊದಲ ಬಾರಿಗೆ ತೊಡಿಸಹೋದರೆ ಕಿತ್ತೆಸೆಯುವುದು ಖಚಿತ. ಇನ್ನು ನೋವಿನ ಮಾತು: ಇಂಥ ವಿಮಾನದೊಳಗೆ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇರುವುದಿಲ್ಲ. ಏರುವಾಗ ಕಿವಿಯೊಳಗಿನ ಗಾಳಿ ತಾನಾಗಿ ಹೊರಬರುತ್ತದೆ, ಇಳಿಯುವಾಗ ಮಾತ್ರ ಗಂಟಲನ್ನೂ ಕಿವಿಯನ್ನೂ ಸೇರಿಸುವ ನಾಳವು ನುಂಗಿದಾಗ ತೆರೆದುಕೊಂಡರೆ ಗಾಳಿ ಒಳಹೋಗುತ್ತದೆ, ಮಕ್ಕಳಲ್ಲಿ ಈ ನಾಳ ಕಿರಿದು. ನಿಮಿಷಕ್ಕೆ 500 ಅಡಿ ಇಳಿಯುವುದು ಸಾಮಾನ್ಯ ವೇಗ. 300 ಅಡಿಯಂತೆ ಇಳಿಸಲು ಪೈಲಟರನ್ನು ಕೇಳಿಕೊಳ್ಳಿ, 3,000 ಅಡಿಯಿಂದ ಹತ್ತು ನಿಮಿಷ ಹಿಡಿಯುತ್ತದೆ, ಅಷ್ಟೆ. ಮಲಗಿದ್ದರೆ ಇಳಿಯುವ ಮೊದಲೇ ಎಬ್ಬಿಸಿ, ಹಸುಗೂಸಿಗೆ ಬಾಟಲಿ ಹಾಲು, ದೊಡ್ಡ ಮಗುವಿಗೆ ಸ್ಟ್ರಾದಲ್ಲಿ ನೀರು ಗುಟುಕು ಗುಟುಕಾಗಿ ಕುಡಿಸಿ. ಚಕ್ಕುಲಿ, ಶೇಂಗಾ ಬೇಡ, ಕುಲುಕಾಟದಲ್ಲಿ ಗಂಟಲಿಗೆ ಸಿಕ್ಕೀತು. ನೆಗಡಿಯಿದ್ದರೆ ಆ ದಿನದ ಹಾರಾಟವನ್ನೇ ಬಿಟ್ಟುಬಿಡಿ.

ಡಿಸೆಂಬರಿನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಕಾದ ನೆಲದಿಂದೇಳುವ ಬಿಸಿಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಮಳೆಗಾಲದ ಯೋಚನೆಯೇ ಬೇಡ.

ಎಂಜಿನ್ ಪೂರ್ತಿ ನಿಲ್ಲುವವರೆಗೆ ಮಗುವಿನ ಕೈ ಬಿಡಬೇಡಿ, ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣಿಸುವುದೇ ಇಲ್ಲ. ಒಳಗೆ ಶೌಚಾಲಯವಿಲ್ಲ ಎಂಬುದೂ ನೆನಪಿರಲಿ.

ಜೇಜುರಿಯ ಮೈಲಾರಲಿಂಗನ ಗುಡ್ಡವನ್ನು ಮೇಲಿನಿಂದ ತೋರಿಸುವ ಆಸೆ ದೊಡ್ಡವರದು; ಹೋಗಿಬರಲು ಅರ್ಧ ಗಂಟೆಗೂ ಹೆಚ್ಚು ಬೇಕು, ಮೊದಲ ಸಲಕ್ಕೆ 20 ನಿಮಿಷವೇ ಸಾಕು. ಗುಡ್ಡವನ್ನು ಮರಳುವಾಗ ರಸ್ತೆಯಲ್ಲೇ ನಿಂತು ತೋರಿಸಬಹುದು. ಮಗು ಅಳತೊಡಗಿ ಸಮಾಧಾನವಾಗದಿದ್ದರೆ ಕೂಡಲೇ ಹಿಂತಿರುಗಬೇಕೆಂದು ಹೊರಡುವ ಮುನ್ನವೇ ಪೈಲಟ್ ಜೊತೆ ಮಾತಾಡಿಕೊಂಡಿರಿ.